ಮೂಗುಮೇಷ್ಟ್ರ ಸೊನ್ನೆ

ನನ್ನ ಮಾವನನ್ನು ಇಡೀ ಬೀದಿ ಮೂಗುಮೇಷ್ಟ್ರು ಎಂದು ಕರೆಯುತ್ತದೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತನಾಲ್ಕು ವರ್ಷ ಸೋಪಿನ ಕಾರ್ಖಾನೆಯಲ್ಲಿ ದುಡಿದವರು, ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಪರಿಮಳದ ಕೋಣೆಯಲ್ಲಿ. ಹೊಸದಾಗಿ ಸೇರಿದವರಿಗೆ ವಾಸನೆ ನೋಡುವುದನ್ನು ಕಲಿಸುತ್ತಿದ್ದರು, ಹಾಗಾಗಿ ಮೇಷ್ಟ್ರು. ಇನ್ನು ಮೂಗು ಯಾಕೆ ಎನ್ನುವುದನ್ನು ಅವರ ಮುಖ ಒಮ್ಮೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೌಂಟರಿನವಳು. ನಲ್ಲಿ ಸೋರುತ್ತಿದೆ, ನೀರು ಕೆಂಪಗೆ ಬರುತ್ತಿದೆ, ನೀರೇ ಬರುತ್ತಿಲ್ಲ, ಹೀಗೆ ದಿನವಿಡೀ ಬೇರೆಯವರ ದೂರು ಬರೆದು ಕೈ ಸವೆದಿದೆ. ಇದು ನನ್ನ ಸ್ವಂತ ದೂರು. ಮಾವನ ಮೇಲೆ ನನಗಿರುವ ಪ್ರೀತಿಗೆ ಕಡಿಮೆಯೇನಿಲ್ಲ, ಆದರೆ ಒಂದು ಕಾಲಕ್ಕೆ ಅವರು ನನ್ನ ತಲೆ ಚಿಟ್ಟು ಹಿಡಿಸಿದ್ದು ಎಲ್ಲಾದರೂ ದಾಖಲಾಗಲಿ ಅಂತ ಬರೆಯುತ್ತಿದ್ದೇನೆ.

ಮಾವ ಕಾರ್ಖಾನೆಗೆ ಸೇರಿದ್ದು ಪೆಟ್ಟಿಗೆಗೆ ಸೋಪು ತುಂಬುವ ಕೆಲಸಕ್ಕೆ. ಐದನೇ ವರ್ಷ ಒಂದು ದಿನ ಬೆರೆಸುವ ಯಂತ್ರದ ಪಕ್ಕದಲ್ಲಿ ಹಾದುಹೋಗುವಾಗ ನಿಂತು, "ಇವತ್ತಿಂದು ನಿನ್ನೆಯದಲ್ಲ" ಅಂದರಂತೆ. ಮೇಲ್ವಿಚಾರಕ ನಕ್ಕು, ಪೆಟ್ಟಿಗೆ ತುಂಬುವವನಿಗೆ ಯಂತ್ರದ ಉಸಾಬರಿ ಯಾಕೆ ಅಂತ ಗದರಿದನಂತೆ. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ನಿಜವಾಗಿಯೂ ಬೇರೆ ಡ್ರಮ್ಮಿನ ಎಣ್ಣೆ ಸುರಿದಿದ್ದರು. ಮರುದಿನವೇ ಮಾವನಿಗೆ ಪರಿಮಳದ ಕೋಣೆಗೆ ಬಡ್ತಿಯಾಯಿತು. ಆ ಮೇಲ್ವಿಚಾರಕನ ಮುಖ ಹೇಗೆ ಹುಳ್ಳಗಾಯಿತು ಎನ್ನುವುದನ್ನು ಮಾವ ಇಂದಿಗೂ ಊಟದ ನಡುವೆ ಅಭಿನಯಿಸಿ ತೋರಿಸುತ್ತಾರೆ. ನಾವೂ ಇಂದಿಗೂ ಮೊದಲ ಸಲ ನೋಡಿದವರ ಹಾಗೆ ನಗುತ್ತೇವೆ.

ಆ ಕೋಣೆಯ ಕೆಲಸಕ್ಕೆ ಒಂದು ಕ್ರಮವಿದೆ. ಉದ್ದನೆಯ ಕಾಗದದ ಪಟ್ಟಿಯನ್ನು ಪರಿಮಳದ ಎಣ್ಣೆಯಲ್ಲಿ ಅದ್ದಿ, ಗಾಳಿಯಲ್ಲಿ ಎರಡು ಸಲ ಬೀಸಿ, ಮೂಗಿನ ಮುಂದೆ ಹಿಡಿಯುವುದು. ಮೂರು ಪಟ್ಟಿ ನೋಡುವಷ್ಟರಲ್ಲಿ ಮೂಗು ದಣಿದು ಎಲ್ಲವೂ ಒಂದೇ ಥರ ಅನ್ನಿಸತೊಡಗುತ್ತದೆ. ಆಗ ಮೊಣಕೈ ಮಡಿಸಿ, ಸ್ವಂತ ಅಂಗಿಯ ತೋಳಿನ ಮಡಿಕೆಯೊಳಗೆ ಮೂಗಿಟ್ಟು ದೀರ್ಘವಾಗಿ ಒಂದು ಉಸಿರು ಎಳೆಯಬೇಕು. ಇದಕ್ಕೆ ಮಾವ ಇಟ್ಟ ಹೆಸರು, ಮೂಗನ್ನು ಸೊನ್ನೆಗೆ ತರುವುದು.

"ನಮ್ಮ ಮೈ ವಾಸನೆ ನಮಗೆ ಯಾವತ್ತೂ ತಿಳಿಯೋದಿಲ್ಲ. ಅದಕ್ಕೇ ಅದು ಸೊನ್ನೆ. ಅಲ್ಲಿಂದ ಶುರು ಮಾಡಿದ್ರೆ ಲೆಕ್ಕ ತಪ್ಪೋದಿಲ್ಲ" ಅಂತ ಹೊಸಬರಿಗೆ ಹೇಳುತ್ತಿದ್ದರಂತೆ. ನಿವೃತ್ತಿಯಾದ ಮೇಲೂ ಈ ಚಾಳಿ ಬಿಡಲಿಲ್ಲ. ಹಾಲಿನ ಪಾತ್ರೆ ಮೂಸಿ, ತೋಳು ಮೂಸಿ, ಮತ್ತೆ ಹಾಲಿನ ಪಾತ್ರೆ ಮೂಸಿ, "ಸಂಜೆವರೆಗೂ ಇರತ್ತೆ" ಅಂತ ತೀರ್ಪು ಕೊಡುತ್ತಿದ್ದರು. ಹಾಲು ಹಾಗೆಯೇ ಇರುತ್ತಿತ್ತು ಕೂಡ.

ಅವರ ಜೀವಮಾನದ ಸಾಧನೆ ಹದಿನೇಳನೇ ನಂಬರಿನ ಸೋಪು. ಅದರ ಪರಿಮಳವನ್ನು ಮೊದಲಿನಿಂದ ಕೊನೆಯವರೆಗೆ ಬೆರೆಸಿದವರು ಅವರೇ. ನಿವೃತ್ತರಿಗೆಂದು ಕಾರ್ಖಾನೆಯವರು ತಿಂಗಳಿಗೊಂದು ಪೆಟ್ಟಿಗೆ ಕಳಿಸುತ್ತಿದ್ದರು. ಅಷ್ಟು ಸೋಪನ್ನು ನಾಲ್ಕು ಜನ ಎಷ್ಟು ಅಂತ ಉಜ್ಜಿಕೊಳ್ಳುವುದು? ಉಳಿದದ್ದೆಲ್ಲ ಮಾವನ ಬೀರು ಸೇರುತ್ತಿತ್ತು. ಅಂಗಿಗೂ ಅಂಗಿಗೂ ನಡುವೆ ಒಂದು ಸೋಪು, ದಿಂಬಿನ ಚೀಲದಲ್ಲಿ ಒಂದು, ಚಪ್ಪಲಿ ಗೂಡಿನಲ್ಲಿ ಎರಡು. ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರ ನಾನು ದಿನಕ್ಕೆ ಇಪ್ಪತ್ತು ಸಲ ಸೀನಿದ್ದೆ. ಮೂರನೇ ವಾರ ಸೀನು ನಿಂತಿತು, ವಾಸನೆಯೂ ನಿಂತಿತು. ಮಾವ ನನ್ನ ಮೇಲೆ ಕರುಣೆಯಿಂದ ಸೋಪುಗಳನ್ನು ತೆಗೆದಿಟ್ಟರೇನೋ ಅಂದುಕೊಂಡು ಮನಸ್ಸಿನಲ್ಲೇ ಕೃತಜ್ಞಳಾಗಿದ್ದೆ. ಅವರು ಏನನ್ನೂ ತೆಗೆದಿಟ್ಟಿರಲಿಲ್ಲ.

ನಮಗೆ ಮಗಳು ಹುಟ್ಟಿದಳು. ಎಲ್ಲರೂ ಪುಟ್ಟಿ ಅನ್ನುತ್ತೇವೆ. ಮಾವ ತಮ್ಮ ಮಗನನ್ನು, ಅಂದರೆ ನನ್ನ ಗಂಡನನ್ನು, ಎತ್ತಿ ಆಡಿಸಿದವರಲ್ಲ. ಪಾಳಿ ಕೆಲಸ. ಅವರು ಹೊರಡುವಾಗಲೂ ಮಗ ಮಲಗಿರುತ್ತಿದ್ದ, ಬರುವಾಗಲೂ ಮಲಗಿರುತ್ತಿದ್ದ. "ಇವನು ನಡೆಯೋಕೆ ಕಲ್ತಿದ್ದು ನಂಗೆ ಗೊತ್ತಾಗಿದ್ದೇ ಇವನು ಬಂದು ನನ್ನ ಊಟದ ಡಬ್ಬಿ ಬೀಳಿಸಿದಾಗ" ಅನ್ನುತ್ತಿದ್ದರು. ಹಾಗಾಗಿ ಪುಟ್ಟಿಯೇ ಅವರ ಮೊದಲ ಮಗು ಅನ್ನಬಹುದು. ಅವರಿಗೆ ಜೀವನದಲ್ಲಿ ಇನ್ನು ಬೇಕಾಗಿದ್ದದ್ದು ಒಂದೇ: ದಿನಾ ನಾಲ್ಕು ಗಂಟೆಗೆ ಪುಟ್ಟಿ ಅವರ ಎಡಭುಜದ ಮೇಲೆ ಮಲಗಬೇಕು, ಐದೂವರೆವರೆಗೆ ಅವರು ಅವಳನ್ನು ಹೊತ್ತುಕೊಂಡು ಹಜಾರದಲ್ಲಿ ಓಡಾಡಬೇಕು. ಅವಳೂ ಆ ಹೊತ್ತಿಗೆ ಬೇರೆ ಯಾರ ಭುಜವನ್ನೂ ಒಪ್ಪುತ್ತಿರಲಿಲ್ಲ. ನನ್ನದನ್ನೂ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಪುಟ್ಟಿಗೆ ಐದು ತಿಂಗಳಾದಾಗ ಬಲಗೆನ್ನೆ ಕೆಂಪಾಯಿತು. ಆಮೇಲೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ. ಒಣಗಿ, ಒರಟಾಗಿ, ತುರಿಕೆ. ಕೆನ್ನೆಯನ್ನು ಸಿಕ್ಕಿದ್ದಕ್ಕೆಲ್ಲ ಉಜ್ಜುವಳು, ಅಳುವಳು. ಈ ಲೋಕದಲ್ಲಿ ವೈದ್ಯರಲ್ಲದವರು ಯಾರೂ ಇಲ್ಲ ಎನ್ನುವುದು ಮಗುವಿನ ಮೈಮೇಲೆ ಒಂದು ಕೆಂಪು ಗುಳ್ಳೆ ಎದ್ದಾಗ ತಿಳಿಯುತ್ತದೆ. ಎದುರುಮನೆಯ ದರ್ಜಿ ಹಿಟ್ಟು ಹಚ್ಚಿ ಅಂದ. ನನ್ನ ಕಚೇರಿಯ ಗುಮಾಸ್ತೆ ಹಿಟ್ಟನ್ನು ಮಾತ್ರ ಹಚ್ಚಬೇಡಿ ಅಂದಳು. ನಲ್ಲಿ ಸೋರುವ ದೂರು ಕೊಡಲು ಬಂದ ಒಬ್ಬರು ನನ್ನ ಮುಖ ನೋಡಿ ಕಾರಣ ಕೇಳಿ, ಮಗುವಿಗೆ ಸ್ನಾನವನ್ನೇ ನಿಲ್ಲಿಸಿ ಎಂದು ಹೇಳಿ ಹೋದರು. ಅವರ ನಲ್ಲಿಯ ದೂರು ಬರೆದುಕೊಳ್ಳುವುದನ್ನು ನಾನು ಮರೆತೇಬಿಟ್ಟೆ.

ಕೊನೆಗೆ ನಾನೂ ನನ್ನ ಗಂಡನೂ ಕಚೇರಿಗೆ ಅರ್ಧ ದಿನ ರಜೆ ಹಾಕಿ ಮಕ್ಕಳ ಚರ್ಮದ ಡಾಕ್ಟರ ಬಳಿ ಹೋದೆವು. ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ. ಪುಟ್ಟಿಯ ಕೈ ಮಡಿಸಿ, ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು.

"ಇದು ಯಾರ ತಪ್ಪೂ ಅಲ್ಲ. ಇವಳ ಚರ್ಮದ ಸ್ವಭಾವವೇ ಒಣಗೋದು. ನೀರಿನ ಪಸೆ ನಿಲ್ಲಲ್ಲ, ಹೊರಗಿನದು ಬೇಗ ಒಳಗೆ ತಾಗತ್ತೆ" ಅಂದರು. "ಸ್ನಾನ ನಿಲ್ಲಿಸ್ಬೇಡಿ. ಉಗುರುಬೆಚ್ಚಗಿನ ನೀರು, ಐದು ನಿಮಿಷ ಸಾಕು. ಟವೆಲಲ್ಲಿ ಉಜ್ಜಬಾರದು, ಒತ್ತಿ ನೀರು ತೆಗೀಬೇಕು. ಮೈ ಇನ್ನೂ ಹಸಿ ಇರುವಾಗಲೇ ಈ ಮುಲಾಮು ಹಚ್ಚಿ, ಧಾರಾಳವಾಗಿ. ಮೆತ್ತನೆ ಹತ್ತಿ ಬಟ್ಟೆ. ಉಗುರು ಬೆಳೆಯೋಕೆ ಬಿಡ್ಬೇಡಿ. ಮತ್ತೆ ಮುಖ್ಯವಾಗಿ, ಪರಿಮಳ ಇರೋದು ಯಾವುದೂ ಮಗು ಮೈ ಹತ್ರ ಸುಳೀಬಾರದು. ಸೋಪು, ಪೌಡರು, ಎಣ್ಣೆ, ಯಾವುದೂ."

ಮನೆಗೆ ಬರುವ ದಾರಿಯುದ್ದಕ್ಕೂ ನಮ್ಮಿಬ್ಬರಿಗೂ ಒಂದೇ ಚಿಂತೆ. ಈ ಕೊನೆಯ ಮಾತನ್ನು ಮಾವನಿಗೆ ಹೇಳುವುದು ಯಾರು? ಇಪ್ಪತ್ತೊಂಬತ್ತು ವರ್ಷ ಪರಿಮಳ ಬೆರೆಸಿದ ಮನುಷ್ಯ, ಮೊಮ್ಮಗಳ ಮೊದಲ ಸ್ನಾನಕ್ಕೆ ಹದಿನೇಳನೇ ನಂಬರಿನ ಹೊಸ ಸೋಪನ್ನು ತಾವೇ ಬಿಚ್ಚಿ ಕೊಟ್ಟವರು. "ನೀನೇ ಹೇಳು, ನಿನ್ನ ಮಾತಾದ್ರೆ ಕೇಳ್ತಾರೆ" ಎಂದು ನನ್ನ ಗಂಡ ಕೈ ತೊಳೆದುಕೊಂಡರು. ನಾನು ಹೇಳಿದೆ. ತಟ್ಟೆಯ ಮುಂದೆ ಕೂತಿದ್ದ ಮಾವ ಊಟ ಮುಗಿಸಿದರು. ಕೈ ತೊಳೆದು ಬಂದು ನಿಂತರು.

"ಪರಿಮಳವಾ?" ಅಂದರು. "ಪರಿಮಳ ಅಂದ್ರೆ ಅದು ನನ್ನ ಇಲಾಖೆ. ನೀವ್ಯಾರೂ ತಲೆ ಹಾಕ್ಬೇಡಿ."

ಅವತ್ತು ಮಧ್ಯಾಹ್ನವೇ ಬಚ್ಚಲುಮನೆಯಿಂದ ಹದಿನೇಳನೇ ನಂಬರನ್ನು ತಾವೇ ಎತ್ತಿ ತಂದರು. ಅದನ್ನು ಹಿಡಿದಿದ್ದ ರೀತಿ ನೋಡಿ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಮನೆಯ ಶೋಧನೆ ಶುರುವಾಯಿತು. ನನ್ನ ಪೌಡರು, ಅತ್ತೆಯ ತಲೆಗೆ ಹಚ್ಚುವ ಎಣ್ಣೆ, ನನ್ನ ಗಂಡನ ಗಡ್ಡದ ನೊರೆ, ನೆಲ ಒರೆಸುವ ದ್ರಾವಣ, ಬಟ್ಟೆ ತೊಳೆಯುವ ಪುಡಿ, ನನ್ನ ಕಚೇರಿ ಚೀಲದಲ್ಲಿದ್ದ ಹಣ್ಣಿನ ವಾಸನೆಯ ರಬ್ಬರು. ಒಂದೊಂದನ್ನೂ ಮೂಸಿ, ತೋಳು ಮೂಸಿ, ಜಪ್ತಿ ಮಾಡಿದರು. ಜಪ್ತಿ ಮಾಡಿದ್ದನ್ನೆಲ್ಲ ಯಾರ ಕೈಗೂ ಸಿಗದ ಜಾಗದಲ್ಲಿ ಭದ್ರವಾಗಿಡಬೇಕಲ್ಲ? ತಮ್ಮ ಬೀರಿನಲ್ಲಿ, ತಮ್ಮ ಅಂಗಿಗಳ ಪಕ್ಕದಲ್ಲಿ ಇಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ದೂರು ಬರೆಯುತ್ತಿರಲಿಲ್ಲ. ಮರುದಿನದಿಂದ ಮನುಷ್ಯರ ತಪಾಸಣೆ. ಸಂಜೆ ಐದೂಮುಕ್ಕಾಲಿಗೆ ನಾನು ಬಾಗಿಲಿಗೆ ಬಂದರೆ ಮಾವ ಹೊಸ್ತಿಲಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಂತಿರುತ್ತಿದ್ದರು.

"ನಿಲ್ಲಮ್ಮ. ಕೈ ಮುಂದೆ ಮಾಡು."

ಮುಂದೆ ಮಾಡುತ್ತಿದ್ದೆ. ಒಂದು ಗೇಣು ದೂರದಿಂದ ಮೂಸುವರು. ಮೊಣಕೈ ಮಡಿಸಿ ತಮ್ಮ ತೋಳು ಮೂಸುವರು. ಮತ್ತೆ ನನ್ನ ಕೈ.

"ಹತ್ತಕ್ಕೆ ಏಳು. ಬಸ್ಸಲ್ಲಿ ನಿನ್ನ ಎಡಗಡೆ ಯಾರೋ ಸೆಂಟ್ ಹಾಕಿದವರು ಕೂತಿದ್ರು."

ಕೂತಿದ್ದರು, ಅದೂ ಎಡಗಡೆಯೇ. ಅದೇ ನನ್ನನ್ನು ಇನ್ನಷ್ಟು ಕೆಣಕುತ್ತಿದ್ದದ್ದು. ಅವರ ಮೂಗು ಎಲ್ಲೂ ತಪ್ಪುತ್ತಿರಲಿಲ್ಲ. ನನ್ನ ಗಂಡನಿಗೆ ಆರು. ಅಡುಗೆಮನೆಯಲ್ಲೇ ಇರುವ ಅತ್ತೆಗೆ ನಾಲ್ಕು. ಮೂರಕ್ಕಿಂತ ಹೆಚ್ಚು ಬಂದವರು ಮಗುವನ್ನು ಮುಟ್ಟುವ ಹಾಗಿಲ್ಲ. ಪರಿಮಳವಿಲ್ಲದ ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಮತ್ತೆ ಬಂದು ಕೈ ಚಾಚಿ ನಿಲ್ಲಬೇಕು. ಕೊನೆಗೆ ತಮ್ಮ ಸರದಿ. ತಮ್ಮ ತೋಳು ಮೂಸುವರು, ಒಂದು ಕ್ಷಣ ಕಣ್ಣು ಮುಚ್ಚುವರು, ಮತ್ತೆ ತೋಳು ಮೂಸುವರು.

"ಸೊನ್ನೆ" ಎಂದು ಬರೆದುಕೊಳ್ಳುವರು. "ಈ ಮನೇಲಿ ಶುದ್ಧವಾಗಿರೋದು ನಾನೊಬ್ಬನೇ. ನೀವೆಲ್ಲ ಸರಿಹೋಗೋವರೆಗೂ ಮಗೂನ ನಾನೇ ನೋಡ್ಕೋತೀನಿ."

ಅವರು ಮಗುವನ್ನು ಹೊರುವ ಹೊತ್ತು ನಾಲ್ಕರಿಂದ ಐದೂವರೆ ಇದ್ದದ್ದು ಬೆಳಗ್ಗೆ ಒಂದು ಗಂಟೆ ಕಾಲ, ಮಧ್ಯಾಹ್ನ ಎರಡು ಗಂಟೆ ಕಾಲ, ಸಂಜೆ ಎರಡು ಗಂಟೆ ಕಾಲವಾಯಿತು. ಹಾಲು ಕುಡಿಸಲು ಮಾತ್ರ ನನಗೆ ರಿಯಾಯಿತಿ. ಒಂದು ಸಂಜೆ ನನಗೆ ಪಿತ್ತ ನೆತ್ತಿಗೇರಿತು.

"ಮಾವ, ಹೆತ್ತವಳು ನಾನು!"

"ಹೆತ್ತವಳಾದ್ರೂ ಏಳು ಅಂದ್ರೆ ಏಳೇ ಕಣಮ್ಮ" ಅಂದರು, ಸಮಾಧಾನವಾಗಿ.

ಒಂದು ಮಾತು ಒಪ್ಪಿಕೊಳ್ಳಬೇಕು. ಮಗುವಿನ ಆರೈಕೆಯನ್ನು ಅವರ ಹಾಗೆ ನಾವ್ಯಾರೂ ಮಾಡುತ್ತಿರಲಿಲ್ಲ. ಸ್ನಾನದ ನೀರಿಗೆ ಮೊಣಕೈ ಅದ್ದಿ ನೋಡುವರು. ಕಾರ್ಖಾನೆಯ ಹಳೇ ಗಡಿಯಾರ ಎದುರಿಗಿಟ್ಟುಕೊಂಡು ಐದು ನಿಮಿಷಕ್ಕೆ ಸರಿಯಾಗಿ ಮಗುವನ್ನು ಎತ್ತುವರು. ಟವೆಲನ್ನು ಎಷ್ಟು ಮೆಲ್ಲಗೆ ಒತ್ತುತ್ತಿದ್ದರೆಂದರೆ ಪುಟ್ಟಿಗೆ ಕಚಗುಳಿಯಾಗಿ ಕಿಲಕಿಲ ನಗುತ್ತಿದ್ದಳು. ಮೂರು ನಿಮಿಷದೊಳಗೆ ಅಡಿಯಿಂದ ಮುಡಿವರೆಗೆ ಮುಲಾಮು. ಹೊಸ ಬಟ್ಟೆ ತಂದರೆ ಎರಡು ಸಲ ತೊಳೆದು, ಕುತ್ತಿಗೆಯ ಚೀಟಿ ಕತ್ತರಿಸಿ, ಹೊಲಿಗೆಯ ಗಂಟು ಚುಚ್ಚುತ್ತದೇನೋ ಅಂತ ತಮ್ಮ ಕೆನ್ನೆಗೆ ಒತ್ತಿ ನೋಡಿದ ಮೇಲೆಯೇ ಹಾಕುವುದು. ಅವಳು ಮಲಗಿದಾಗ ಪುಟ್ಟ ಕತ್ತರಿಯಲ್ಲಿ ಉಗುರು ತೆಗೆಯುವಾಗ ಉಸಿರು ಬಿಗಿಹಿಡಿದು ಅವರ ಮುಖವೇ ಕೆಂಪಾಗುತ್ತಿತ್ತು.

ಫಲವೂ ಬಂತು. ಒಂದೂವರೆ ತಿಂಗಳಲ್ಲಿ ಮೊಣಕೈ ಮೆತ್ತಗಾಯಿತು, ಮಂಡಿ ಮೆತ್ತಗಾಯಿತು. ಬಲಗೆನ್ನೆ ಮಾತ್ರ ಜಗ್ಗಲಿಲ್ಲ. ಜಗ್ಗದಿರುವುದಿರಲಿ, ಇನ್ನೂ ಕೆಂಪಾಯಿತು. ನೋಟ್‌ಬುಕ್ಕಿನಲ್ಲಿ ದಿನಾ ಒಂದೇ ಸಾಲು: "ಬಲಗೆನ್ನೆ, ಹಾಗೇ." ಮಾವನಿಗೆ ಊಟ ರುಚಿಸದಾಯಿತು. ಕಿಟಕಿಯ ಬಿಸಿಲು ಬಲಗಡೆಯಿಂದ ಬೀಳುತ್ತದೆ ಎಂದು ತೊಟ್ಟಿಲನ್ನು ಮೂರು ಸಲ ಸರಿಸಿದರು. ಗೋಡೆಯ ಸುಣ್ಣವನ್ನು ಮೂಸಿದರು. ಒಂದು ದಿನ ದರ್ಜಿಯ ಅಂಗಡಿಗೆ ಹೋಗಿ ಅವನ ಹೊಲಿಗೆ ಯಂತ್ರದ ಎಣ್ಣೆಯನ್ನು ಮೂಸಿ ಬಂದರು. ಅವನು ತಕರಾರು ಮಾಡಲಿಲ್ಲ, ಮೂಗುಮೇಷ್ಟ್ರಲ್ಲವೇ.

ಎರಡನೇ ಸಲ ಡಾಕ್ಟರ ಬಳಿ ಹೋಗುವಾಗ ಮಾವನೂ ಹೊರಟರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ನೋಟ್‌ಬುಕ್, ಎಡಭುಜದ ಮೇಲೆ ಪುಟ್ಟಿ. ನಾನು ಹಿಂದೆ ಹಿಂದೆ, ಚೀಲ ಹಿಡಿದುಕೊಂಡು.

ನಾವು ಒಳಗೆ ಕಾಲಿಟ್ಟದ್ದೇ ಡಾಕ್ಟರು ಒಂದು ಸಲ ಸೀನಿದರು. ಇನ್ನೊಂದು ಸಲ ಸೀನಿದರು. ನರ್ಸಿನ ಕಡೆ ತಿರುಗಿ, "ಕೈ ತೊಳ್ಯೋ ಸೋಪು ಬದಲಾಯಿಸಿದ್ರಾ?" ಎಂದು ಕೇಳಿದರು. "ಇಲ್ಲ ಡಾಕ್ಟ್ರೇ" ಎಂದು ನರ್ಸು ಕಿಟಕಿ ತೆಗೆದಳು. ಮಾವ ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ನೋಟ್‌ಬುಕ್ ಬಿಡಿಸಿ ಮೇಜಿನ ಮೇಲಿಟ್ಟರು. ಡಾಕ್ಟರು ಹಾಳೆ ತಿರುವಿದರು. ನಗುತ್ತಾರೇನೋ ಅಂದುಕೊಂಡೆ. ನಗಲಿಲ್ಲ, ಪ್ರತಿ ಪುಟವನ್ನೂ ಓದಿದರು.

"ಇಷ್ಟು ಚೆನ್ನಾಗಿ ಯಾರೂ ಬರೆದು ತಂದಿಲ್ಲ" ಅಂದರು. ಮಾವ ನನ್ನ ಕಡೆ ಒಂದು ನೋಟ ಬೀರಿದರು. "ಪ್ರತಿ ದಿನ ಕೊನೇ ಸಾಲಲ್ಲಿ ಸೊನ್ನೆ ಅಂತ ಇದೆಯಲ್ಲ, ಅದು ಯಾರದು?"

"ನಂದೇ."

"ಹೇಗೆ ನೋಡಿದ್ರಿ?"

ಮಾವ ಮೊಣಕೈ ಮಡಿಸಿ, ತೋಳಿನಲ್ಲಿ ಮೂಗಿಟ್ಟು ತೋರಿಸಿದರು. ಸೊನ್ನೆಯ ಸಿದ್ಧಾಂತವನ್ನೂ ವಿವರಿಸಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಮಗು ಇದೇ ಭುಜದ ಮೇಲೆ ಮಲಗತ್ತಾ?"

"ಯಾವಾಗಲೂ ಎಡಭುಜ. ಮುಖ ನನ್ನ ಕುತ್ತಿಗೆ ಕಡೆ ತಿರುಗಿಸ್ಕೊಂಡು ಮಲಗಬೇಕು ಅವಳಿಗೆ."

"ಹಾಗಾದ್ರೆ ಅಂಗಿಗೆ ತಾಗೋದು ಯಾವ ಕೆನ್ನೆ?"

ಪುಟ್ಟಿ ಆಗಲೂ ಅವರ ಭುಜದ ಮೇಲೇ ಮಲಗಿದ್ದಳು. ಮಾವ ಕಣ್ಣು ಓರೆ ಮಾಡಿ ನೋಡಿದರು. ಬಲಗೆನ್ನೆ ಅಂಗಿಗೆ ಅಂಟಿಕೊಂಡಿತ್ತು.

"ತಪ್ಪು ತಿಳ್ಕೋಬೇಡಿ ಅಜ್ಜಾ, ನೀವು ಬಾಗಿಲಿಗೆ ಬಂದಾಗಲೇ ನಂಗೆ ಪರಿಮಳ ಬಂತು" ಅಂದರು ಡಾಕ್ಟರು.

ತಮ್ಮ ಹಿಂದೆ ಯಾರು ಬಂದರು ಅಂತ ಮಾವ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ಇದೇ ಕಾರಣ ಅಂತ ನಾನು ಆಣೆ ಮಾಡಲ್ಲ. ಆದ್ರೆ ಎರಡು ವಾರ ಈ ಅಂಗಿ, ಈ ಪರಿಮಳ ಮಗೂಗೆ ತಾಗದ ಹಾಗೆ ನೋಡ್ಕೊಳಿ. ಆಮೇಲೆ ನೋಡೋಣ."

ನನಗೆ ಮೊದಲು ಬಂದದ್ದು ಖುಷಿ. ಒಂದೂವರೆ ತಿಂಗಳು ಏಳು, ಏಳು ಅನ್ನಿಸಿಕೊಂಡವಳು ನಾನು, ಬಾರದೆ ಇರುತ್ತದೆಯೇ? ತುಟಿ ಕಚ್ಚಿಕೊಂಡು ಕೂತಿದ್ದೆ. ಆದರೆ ಮಾವ ಪುಟ್ಟಿಯನ್ನು ಭುಜದಿಂದ ಬಿಡಿಸಿ ನನ್ನ ಕೈಗೆ ಕೊಟ್ಟಾಗ ಆ ಖುಷಿಗೆ ನನಗೇ ನಾಚಿಕೆಯಾಯಿತು.

ಮನೆಗೆ ಬಂದ ಮೇಲೆ ಅವರು ಅಷ್ಟು ಸುಲಭಕ್ಕೆ ಸೋಲಲಿಲ್ಲ. "ನೀನು ಮೂಸಿ ನೋಡೋ" ಎಂದು ಮಗನ ಮುಂದೆ ತೋಳು ಚಾಚಿದರು. ನನ್ನ ಗಂಡ ಮೂಸಿ, "ಏನೂ ಬರ್ತಿಲ್ವಲ್ಲಪ್ಪ" ಅಂದರು. ನಾನೂ ಮೂಸಿದೆ, ಏನೂ ಇಲ್ಲ. ಅತ್ತೆಯನ್ನು ಕರೆದರು.

"ನಲವತ್ತು ವರ್ಷದಿಂದ ನಿಮ್ಮ ಜೊತೆ ಸಂಸಾರ ಮಾಡ್ತಿದ್ದೀನಿ, ನನ್ನ ಮೂಗು ಯಾವತ್ತೋ ರಾಜೀನಾಮೆ ಕೊಟ್ಟಿದೆ" ಅಂದರು ಅತ್ತೆ. "ಹೊರಗಿನವರನ್ನ ಕೇಳಿ ರೀ."

ಮಾವ ಗೇಟಿನ ಬಳಿ ಹೋಗಿ ನಿಂತರು. ಗ್ಯಾಸ್ ಸಿಲಿಂಡರಿನವನು ಬಂದ. ಅವನನ್ನು ನಿಲ್ಲಿಸಿ ತೋಳು ಚಾಚಿದರು. ಅವನು ಭುಜದ ಸಿಲಿಂಡರು ಇಳಿಸಿ, ಹೆದರುತ್ತಲೇ ಮೂಸಿ, "ಈಗ ತಾನೇ ಸ್ನಾನ ಆಯ್ತಾ ಅಜ್ಜಾ?" ಎಂದು ಕೇಳಿದ. ಟಪಾಲು ತಂದ ಹೆಂಗಸು ಮೂಸಲೂ ಇಲ್ಲ. ನಾಲ್ಕು ಮಾರು ದೂರದಿಂದಲೇ, "ಸ್ನಾನ ಮಾಡಿ ಬಿಸಿಲಿಗೆ ನಿಂತಿದ್ದೀರಾ?" ಅಂದಳು. ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದು ಮಾವ ಕೇಳಿದ್ದಕ್ಕೆ ದರ್ಜಿಯಂತೂ ಆಶ್ಚರ್ಯಪಟ್ಟ. "ನೀವು ಬೀದಿ ತಿರುವಲ್ಲಿ ಬಂದ್ರೆ ನಾನಿಲ್ಲಿ ತಲೆ ಎತ್ತದೇನೇ ನಮಸ್ಕಾರ ಅಂತೀನಿ. ಹೇಗೆ ಗೊತ್ತಾಗತ್ತೆ ಅಂದ್ಕೊಂಡಿದ್ರಿ ಮೇಷ್ಟ್ರೇ?"

ಮಾವ ಒಳಗೆ ಬಂದು ನೋಟ್‌ಬುಕ್ ತೆಗೆದರು. ಒಂದೂವರೆ ತಿಂಗಳ ಸೊನ್ನೆಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿ, ಪಕ್ಕದಲ್ಲಿ ಹತ್ತು ಹತ್ತು ಎಂದು ಬರೆದರು. ಅರ್ಧ ಗಂಟೆ ಹಿಡಿಯಿತು. ಬೇಡ ಬಿಡಿ ಮಾವ ಅಂದರೂ ಬಿಡಲಿಲ್ಲ.

"ಕೆಟ್ಟ ಮಾಲಿಗೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಇಡ್ತಾ ಇದ್ವಿ" ಅಂದರು. "ನನ್ನೂ ಪಕ್ಕಕ್ಕಿಡಿ. ನಾನಾಗಿ ಬರೋವರೆಗೂ ಮಗೂನ ನನ್ನ ಹತ್ರ ತರ್ಬೇಡಿ."

ಮರುದಿನ ಬೀರು ಖಾಲಿ ಮಾಡಿದೆವು. ನೂರ ನಲವತ್ತಾರು ಸೋಪು. ಮೂರು ಬೀದಿ ಆಚೆ ಇರುವ ಕೆಲಸಗಾರರ ಹಾಸ್ಟೆಲಿಗೆ ಸಾಗಿಸಿದೆವು. ಆ ವಾರವಿಡೀ ಆ ಹಾಸ್ಟೆಲಿನವರು ಹಾದುಹೋದಾಗಲೆಲ್ಲ ದರ್ಜಿ ತಲೆ ಎತ್ತದೆ ನಮಸ್ಕಾರ ಹೇಳಿದನಂತೆ. ಮಾವನ ಅಂಗಿಗಳನ್ನು ಬರೀ ನೀರಿನಲ್ಲಿ ನೆನೆಸಿದರೆ ಬಕೆಟ್ಟಿನ ತುಂಬ ನೊರೆ ಬಂತು. ಸೋಪು ಹಾಕದೆಯೇ ನೊರೆ ಬರುವ ಅಂಗಿಗಳನ್ನು ನಾನು ನೋಡಿದ್ದು ಅವತ್ತೇ. ಏಳು ಸಲ ತೊಳೆದರೂ ಎದುರುಮನೆಯವರ ಮೂಗಿಗೆ ಅವು ಪಾಸಾಗಲಿಲ್ಲ. ಕೊನೆಗೆ ಮಾವ ಮಗನ ಹಳೇ ಟೀ ಶರ್ಟು ಹಾಕಿಕೊಂಡರು. ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ಯಾವುದೋ ಓಟದ ಸ್ಪರ್ಧೆಯ ಹೆಸರು, ಮಂಡಿನೋವಿನ ಮನುಷ್ಯ ಅದನ್ನು ಹಾಕಿಕೊಂಡು ಗೋಡೆ ಹಿಡಿದು ನಡೆಯುತ್ತಿದ್ದರು.

ಆಮೇಲೆ ಮೀಸೆಯ ಮೇಲೆ ಅನುಮಾನ ಬಂತು. ಮೂಗಿನ ಕೆಳಗೇ ಇರುವ ಮೀಸೆ ಇಷ್ಟು ವರ್ಷದಲ್ಲಿ ಎಷ್ಟು ಪರಿಮಳ ಹೀರಿರಬೇಡ ಎಂದು ಅದನ್ನೂ ಬೋಳಿಸಿದರು. ಬಚ್ಚಲಿನಿಂದ ಹೊರಬಂದವರನ್ನು ನೋಡಿ ಅತ್ತೆ, "ಯಾರ್ ಬೇಕಾಗಿತ್ತು?" ಎಂದು ಕೇಳಿದರು. ಬೇಕೆಂದೇ ಕೇಳಿದರೋ, ನಿಜವಾಗಿಯೇ ಕೇಳಿದರೋ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ನಗು ಹಗಲಿನ ಬೇರೆ ಹೊತ್ತಿಗೆ. ನಾಲ್ಕು ಗಂಟೆಗೆ ಮಾತ್ರ ಯಾರಿಗೂ ನಗು ಬರುತ್ತಿರಲಿಲ್ಲ. ನಾನು ಮೂರು ವಾರ ರಜೆ ಹಾಕಿದ್ದೆ. ನಾಲ್ಕಾಯಿತೆಂದರೆ ಪುಟ್ಟಿ ನನ್ನ ತೋಳಿನಿಂದ ಜಾರಿ, ಬಾಗಿಲ ಕಡೆ ಎರಡೂ ಕೈ ಚಾಚಿ ಅಳುವಳು. ಮೊದಲ ಎರಡು ದಿನ ಮಾವ ಬಾಗಿಲ ಆಚೆ ಕೈ ಹಿಂದೆ ಕಟ್ಟಿಕೊಂಡು ನಿಂತು ಅವಳೊಡನೆ ಮಾತಾಡಿದರು. ಅವಳ ಅಳು ಇನ್ನೂ ಜೋರಾಯಿತು. ಮೂರನೇ ದಿನದಿಂದ ನಾಲ್ಕಕ್ಕೆ ಸರಿಯಾಗಿ ಚಪ್ಪಲಿ ಮೆಟ್ಟಿಕೊಂಡು ದರ್ಜಿಯ ಅಂಗಡಿಗೆ ಹೋಗಿ ಕೂರತೊಡಗಿದರು. ಅಲ್ಲಿಂದ ನಮ್ಮ ಮನೆಯ ಕಿಟಕಿ ಕಾಣುತ್ತದೆ. ಒಂದು ದಿನ ಪರದೆ ಸರಿಸಿ ನೋಡಿದೆ. ದರ್ಜಿ ಏನೋ ಹೇಳುತ್ತಿದ್ದ, ಮಾವ ಕೇಳುತ್ತಿರಲಿಲ್ಲ, ನಮ್ಮ ಕಿಟಕಿಯನ್ನೇ ನೋಡುತ್ತಿದ್ದರು. ಎಷ್ಟು ಕೆಂಪಾದರೂ ಆಗಲಿ, ಇವಳನ್ನು ತೆಗೆದುಕೊಂಡು ಹೋಗಿ ಅವರ ಭುಜದ ಮೇಲೆ ಹಾಕಿಬಿಡಲೇ ಅನ್ನಿಸಿತು. ಹಾಕಲಿಲ್ಲ.

ಕೆನ್ನೆ ತಿಳಿಯಾಯಿತು. ಹತ್ತನೇ ದಿನಕ್ಕೆ ಕೆಂಪು ಇಳಿದು, ಹದಿನಾಲ್ಕನೇ ದಿನಕ್ಕೆ ಕೈಯಾಡಿಸಿದರೆ ಸ್ವಲ್ಪ ಒರಟು ಅನ್ನಿಸುವಷ್ಟೇ ಉಳಿಯಿತು. "ಇದು ಬಂದು ಹೋಗ್ತಾ ಇರೋ ಪೈಕಿ, ಮುಲಾಮು ಬಿಡ್ಬೇಡಿ" ಅಂದರು ಡಾಕ್ಟರು. ಅಜ್ಜನ ಬಗ್ಗೆಯೂ ವಿಚಾರಿಸಿದರು.

ಹದಿನೈದನೇ ದಿನ ಮಾವ ಮತ್ತೆ ಗೇಟಿನಲ್ಲಿ ನಿಂತು ಸಿಲಿಂಡರಿನವನಿಗೆ ಕಾದರು. ಅವನು ಈ ಸಲ ಹೆದರದೆ ಮೂಸಿದ.

"ಏನೂ ಇಲ್ಲ ಅಜ್ಜಾ" ಅಂದ. ಮತ್ತೊಮ್ಮೆ ಮೂಸಿ, "ಸ್ವಲ್ಪ ಬೆವರು" ಎಂದು ಸೇರಿಸಿದ.

"ಬೆವರಂತೆ ಕಣೇ!" ಎಂದು ಮಾವ ಗೇಟಿನಿಂದಲೇ ಅತ್ತೆಗೆ ಕೂಗಿ ಹೇಳಿದ್ದು ಇಡೀ ಬೀದಿಗೆ ಕೇಳಿಸಿತು.

ನಾಲ್ಕು ಗಂಟೆಗೆ ಕೈಕಾಲು ತೊಳೆದು ಹಜಾರಕ್ಕೆ ಬಂದರು. ಪುಟ್ಟಿ ಚಾಪೆಯ ಮೇಲೆ ಕೂತಿದ್ದಳು. ಮಾವ ಬಗ್ಗಿ ಎತ್ತಿಕೊಂಡು ಎಡಭುಜಕ್ಕೆ ಹಾಕಿಕೊಂಡರು. ಪುಟ್ಟಿ ಅವರ ಮುಖ ನೋಡಿದಳು. ಮೀಸೆಯಿಲ್ಲ. ಕುತ್ತಿಗೆಯ ಬಳಿ ಮುಖ ತಂದಳು. ಅವಳು ಹುಟ್ಟಿದಂದಿನಿಂದ ಅಲ್ಲಿದ್ದ ಪರಿಮಳ ಇಲ್ಲ. ಒಂದು ಕ್ಷಣ ತುಟಿ ನಡುಗಿಸಿ, ಕಿಟಾರನೆ ಕಿರುಚಿದಳು. ಯಾರೋ ಅಪರಿಚಿತ ತನ್ನನ್ನು ಹೊತ್ತೊಯ್ಯುತ್ತಿದ್ದಾನೆ ಎಂಬಂತೆ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ನನ್ನ ಕಡೆ ಹಾರಿದಳು.

ಮಾವ ಖಾಲಿ ಕೈಯಲ್ಲಿ ನಿಂತಿದ್ದರು. ಮಗನ ಟೀ ಶರ್ಟನ್ನು ಕೆಳಗೆ ಜಗ್ಗಿ ಸರಿಮಾಡಿಕೊಂಡರು.

"ಸರಿ ಬಿಡು" ಅಂದರು. "ಹೊಸಬ ಬಂದಿದ್ದಾನೆ ಅಂದ್ಕೊಂಡಿದ್ದಾಳೆ. ಹೊಸಬನ ಹಾಗೇ ಬರ್ತೀನಿ."

ಅಂದಿನಿಂದ ದಿನಾ ನಾಲ್ಕಕ್ಕೆ ಬಂದು ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದರು. ಮಂಡಿನೋವಿನವರು ನೆಲಕ್ಕೆ ಕೂರಲು ಎರಡು ನಿಮಿಷ, 'ಅಮ್ಮಾ ಅಪ್ಪಾ' ಎಂದು ಏಳಲು ಐದು ನಿಮಿಷ. ಕರೆಯಲಿಲ್ಲ, ಕೈ ಚಾಚಲಿಲ್ಲ. ಒಣಗಿದ ಅವಳ ಬಟ್ಟೆಗಳನ್ನು ಒಂದೊಂದಾಗಿ ಮಡಿಸುತ್ತಾ ಕೂರುವರು. ಬಟ್ಟೆ ಮುಗಿದರೆ ಬಿಡಿಸಿ ಮತ್ತೆ ಮಡಿಸುವರು. ಮೂರನೇ ದಿನ ಪುಟ್ಟಿ ಅಳಲಿಲ್ಲ. ಐದನೇ ದಿನ ತೆವಳಿ ಹೋಗಿ ಮಡಿಸಿದ ಬಟ್ಟೆಗಳನ್ನೆಲ್ಲ ಕೆಡವಿದಳು. ಮಾವ ಅದೇನೋ ಬಹುಮಾನ ಬಂದವರ ಹಾಗೆ ನನ್ನ ಕಡೆ ನೋಡಿದರು. ಆರನೇ ದಿನ ನನ್ನ ರಜೆ ಮುಗಿದು ಕಚೇರಿಗೆ ಹೋಗಬೇಕಾಯಿತು.

ಅದಾಗಿ ನಾಲ್ಕನೇ ಸಂಜೆ ಐದೂಮುಕ್ಕಾಲಿಗೆ ಮನೆಗೆ ಬಂದೆ. ತಪಾಸಣೆಗೆ ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಮಾವ ಹಜಾರದ ನಡುವೆ ಅಲ್ಲಾಡದೆ ನಿಂತಿದ್ದರು. ಪುಟ್ಟಿ ಎಡಭುಜದ ಮೇಲೆ ಬಾಯಿ ತೆರೆದು ಮಲಗಿದ್ದಳು. ಮಾವನ ಮೂಗು ಅವಳ ನೆತ್ತಿಯ ಕೂದಲಿನಲ್ಲಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾನು ಗಾಬರಿಬಿದ್ದೆ.

"ಏನಾಯ್ತು ಮಾವ? ಮತ್ತೆ ಕೆಂಪಾಯ್ತಾ?"

ಅವರು ಇಲ್ಲವೆಂದು ತಲೆಯಾಡಿಸಿ, ಹತ್ತಿರ ಬಾ ಎಂದು ಸನ್ನೆ ಮಾಡಿದರು. ಮಗು ಎಚ್ಚರಾಗದಂತೆ ಪಿಸುಗುಟ್ಟಿದರು.

"ಇವಳಿಗೊಂದು ವಾಸನೆ ಇದೆ ಕಣಮ್ಮ."

"ಇದೆ ಮಾವ."

"ಯಾವ ಸಾಮಾನಿನದು ಅಂತ ಆಗಿನಿಂದ ಹುಡುಕ್ತಾ ಇದ್ದೀನಿ. ಮುಲಾಮಿಂದಲ್ಲ. ಬಟ್ಟೇದಲ್ಲ. ಹಾಲಿಂದೂ ಅಲ್ಲ. ಇವಳದೇ."

"ಹೂಂ, ಅವಳದೇ."

"ನಿಂಗೆ ಮೊದಲಿಂದಲೂ ಗೊತ್ತಿತ್ತಾ?"

"ಹುಟ್ಟಿದ ದಿನದಿಂದ."

ಮಾವ ಇನ್ನೊಮ್ಮೆ ಉಸಿರೆಳೆದುಕೊಂಡರು. ಅಡುಗೆಮನೆಯ ಬಾಗಿಲಿಗೆ ಅತ್ತೆ ಬಂದು ನಿಂತಿದ್ದರು. ಅದೇ ಹೊತ್ತಿಗೆ ನನ್ನ ಗಂಡ ಹೊರಗಿನಿಂದ ಬಂದು ಹೊಸ್ತಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದರು. ತಲೆಯಲ್ಲಿ ಕೂದಲು ಅರ್ಧ ಉದುರಿದ, ಮೂವತ್ತಾರು ವರ್ಷದ ಮನುಷ್ಯ. ಮಾವ ಅವರನ್ನೇ ನೋಡುತ್ತಾ ಅತ್ತೆಯನ್ನು ಕೇಳಿದರು.

"ಇವನಿಗೂ ಇತ್ತಾ?"

"ಇತ್ತು ರೀ" ಅಂದರು ಅತ್ತೆ. "ಎರಡು ವರ್ಷ ಇತ್ತು."

"ಏನಪ್ಪಾ ಅದು?" ಎಂದು ನನ್ನ ಗಂಡ ಬೂಟು ಕೈಯಲ್ಲಿ ಹಿಡಿದು ಕೇಳಿದರು.

"ಏನಿಲ್ಲ. ಒಳಗೆ ಬಾ" ಅಂದರು ಮಾವ. ಪುಟ್ಟಿಯನ್ನು ಐದೂವರೆಗೇ ತೊಟ್ಟಿಲಿಗೆ ಹಾಕಬೇಕಿತ್ತು. ಅವತ್ತು ಏಳು ಗಂಟೆಯಾದರೂ ಅವರು ಅವಳನ್ನು ಇಳಿಸಲಿಲ್ಲ, ನಾವೂ ಕೇಳಲಿಲ್ಲ.